ಕಬ್ಬಿನ ಹಾಲಿನ ಸಿಹಿಯನ್ನು ಆಪ್ಟಿಕಲ್ ಫೈಬರಿನಿಂದ ಅಳೆಯುವುದು ಹೇಗೆ

ಕಬ್ಬಿನ ಹಾಲು ಎಷ್ಟು ಸಿಹಿ ಇದೆ ಅಂತ ನೋಡಲು ಗದ್ದೆಯಲ್ಲೂ ಕಾರ್ಖಾನೆಯಲ್ಲೂ ಬ್ರಿಕ್ಸ್ ಮೀಟರ್ ಬಳಸುತ್ತಾರೆ (ಬ್ರಿಕ್ಸ್ ಅಂದರೆ 100 ಗ್ರಾಂ ದ್ರಾವಣದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಲೆಕ್ಕ). ಗಾಜಿನ ಮೇಲೆ ಎರಡು ಹನಿ ಹಾಕಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ಅಂಕಿ ಕಾಣುತ್ತದೆ. ನಿಮಗೆ ಅಷ್ಟೇ ಸಾಕು ಅಂದರೆ ಅದನ್ನೇ ಕೊಂಡುಬಿಡಿ, ಬೆಳಕನ್ನು ಒಳಗೇ ಸಾಗಿಸುವ ಎಳೆಯ, ಅಂದರೆ ಫೈಬರಿನ, ತಂಟೆ ಬೇಡ.

ಆದರೆ ಪಾತ್ರೆಯಲ್ಲಿರುವ ದ್ರವವನ್ನು ಗಂಟೆಗಟ್ಟಲೆ ಬಿಡದೆ ಅಳೆಯಬೇಕು, ಅಂಕಿಗಳು ತಾವಾಗಿಯೇ ಕಂಪ್ಯೂಟರಿಗೆ ಹೋಗಬೇಕು ಅಂದರೆ ಕಣ್ಣಿಟ್ಟು ನೋಡುವ ಸಾಧನ ಉಪಯೋಗಕ್ಕೆ ಬರುವುದಿಲ್ಲ. ಬೇಗ ಬೆಂಕಿ ಹತ್ತುವ ದ್ರವವಿರುವ ಕಡೆ ಕರೆಂಟಿನ ತಂತಿ ಇಳಿಸುವುದು ಅಪಾಯವೂ ಆಗಬಹುದು. ಅಂಥ ಕೆಲಸಕ್ಕೆ ಫೈಬರ್ ಸರಿ. ಅದರ ತುದಿಯಲ್ಲಿ ಕರೆಂಟ್ ಇಲ್ಲ, ಲೋಹ ಇಲ್ಲ, ಬರೀ ಬೆಳಕು. ಕಾಲೇಜಿನ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ. ಖರ್ಚೂ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಬರಿಗೆ ಸಕ್ಕರೆ ಗೊತ್ತಿಲ್ಲ. ಅದು ತೋರಿಸುವುದು ಬೆಳಕು ಎಷ್ಟು ಸೋರಿತು ಅನ್ನುವುದನ್ನು ಮಾತ್ರ. ಅದನ್ನು ಬ್ರಿಕ್ಸ್ ಅಂಕಿಯಾಗಿ ಮಾಡುವುದು ನಿಮ್ಮ ಕ್ಯಾಲಿಬ್ರೇಶನ್, ಅಂದರೆ ಸಿಹಿ ಎಷ್ಟೆಂದು ಗೊತ್ತಿರುವ ದ್ರಾವಣಗಳಲ್ಲಿ ಅಳೆದು ಹೊಂದಿಸಿಕೊಳ್ಳುವುದು. ಹಾಗಾಗಿ ತಯಾರಿಗೆ ಕೊಟ್ಟಷ್ಟೇ ಸಮಯವನ್ನು ಕ್ಯಾಲಿಬ್ರೇಶನ್ನಿಗೂ ಇಟ್ಟುಕೊಳ್ಳಿ.

ಏನೇನು ಬೇಕು

1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್, ಒಂದು ಮೀಟರ್. ಮನೆಯ ಸೀಲಿಂಗಿನಲ್ಲಿ ನಕ್ಷತ್ರದ ಹಾಗೆ ಮಿನುಗಿಸಲು ಬಳಸುತ್ತಾರಲ್ಲ, ಅದೇ ಫೈಬರ್ ಆಗುತ್ತದೆ. ಅದಕ್ಕೆ ಕಪ್ಪು ಹೊರಕವಚ ಇರುವುದಿಲ್ಲ, ಸುಲಿಯುವ ಕೆಲಸ ತಪ್ಪುತ್ತದೆ. ಹಳೆಯ ಟಾಸ್‌ಲಿಂಕ್ ಆಡಿಯೊ ಕೇಬಲ್ ಇದ್ದರೆ ಅದರೊಳಗೂ ಸಾಮಾನ್ಯವಾಗಿ ಇಂಥದ್ದೇ ಇರುತ್ತದೆ.

ಪಾರದರ್ಶಕ ತಲೆಯ 5 ಮಿ.ಮೀ. ಕೆಂಪು ಎಲ್‌ಇಡಿ. ಈ ಪ್ಲಾಸ್ಟಿಕ್ಕಿನಲ್ಲಿ 650 ನ್ಯಾನೋಮೀಟರ್ ಸುತ್ತಮುತ್ತಲಿನ ಕೆಂಪು ಬೆಳಕು ಚೆನ್ನಾಗಿ ಹರಿಯುತ್ತದೆ. ಬೆಳಕು ಹಿಡಿಯಲು ಬಿಪಿಡಬ್ಲ್ಯು 34 ಫೋಟೊಡಯೋಡ್. ಎಲ್‌ಡಿಆರ್ (ಬೆಳಕು ಬಿದ್ದರೆ ರೋಧ ಬದಲಾಗುವ ರೆಸಿಸ್ಟರ್) ಅಗ್ಗ ಅಂತ ಅದನ್ನು ಹಾಕಬೇಡಿ. ಅದು ನಿಧಾನ, ಮತ್ತು ಸ್ವಲ್ಪ ಹೊತ್ತಿನ ಹಿಂದೆ ಬಿದ್ದ ಬೆಳಕಿನ ಪ್ರಭಾವವೂ ಅದರಲ್ಲಿ ಉಳಿದಿರುತ್ತದೆ.

ಆರ್ಡುಯಿನೊ ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಸಣ್ಣ ಕಂಪ್ಯೂಟರ್ ಬೋರ್ಡ್), ಎಡಿಎಸ್ 1115 ಎಂಬ ಸಣ್ಣ ಎಡಿಸಿ ಮಾಡ್ಯೂಲ್ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವಂಥದ್ದು), ನೀರಿಗೆ ಇಳಿಸಬಹುದಾದ ಡಿಎಸ್ 18ಬಿ20 ತಾಪಮಾನ ಸೆನ್ಸರ್, ಕೆಲವು ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, 600, 1000, 2000 ನಂಬರಿನ ಎಮರಿ ಪೇಪರ್, ಅರಾಲ್ಡೈಟ್, ಕಪ್ಪು ಹೀಟ್ ಶ್ರಿಂಕ್ ಸ್ಲೀವ್, 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಇನ್ನು ಸಕ್ಕರೆ, ನೀರು.

ಫೈಬರನ್ನು ಬಗ್ಗಿಸಲೇಬೇಕು, ಯಾಕೆ?

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಹಲವರ ಸೆನ್ಸರ್ ಕೆಲಸ ಮಾಡದೆ ಇರುವುದು ಇದು ಗೊತ್ತಿಲ್ಲದೆ.

ಫೈಬರಿನ ಒಳತಿರುಳು ಪಿಎಂಎಂಎ, ಅಂದರೆ ಅಕ್ರಿಲಿಕ್. ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಂಕಿ, ಸುಮಾರು 1.492. ಅದರ ಮೇಲೆ ಬರೀ 10 ಮೈಕ್ರಾನ್ ದಪ್ಪದ ಇನ್ನೊಂದು ಪ್ಲಾಸ್ಟಿಕ್ ಪದರ ಇದೆ. ಅದರ ಸೂಚ್ಯಂಕ ಸುಮಾರು 1.402. ಒಳಗಿನ ಬೆಳಕು ಗೋಡೆಗೆ ಸಾಕಷ್ಟು ಓರೆಯಾಗಿ ಬಡಿದರೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಎಷ್ಟು ಓರೆ? ಗೋಡೆಗೆ ಲಂಬವಾದ ಗೆರೆಯಿಂದ ಅಳೆದರೆ ಇಲ್ಲಿ 70 ಡಿಗ್ರಿ. ಅದಕ್ಕಿಂತ ಕಡಿಮೆ ಕೋನದಲ್ಲಿ ಬಡಿದ ಕಿರಣ ದಾರಿಯಲ್ಲೇ ಸೋರಿಹೋಗುತ್ತದೆ. ಅಂದರೆ ಫೈಬರಿನಲ್ಲಿ ಉಳಿದು ಮುಂದೆ ಸಾಗುವ ಕಿರಣಗಳೆಲ್ಲ 70ಕ್ಕಿಂತ ಜಾಸ್ತಿ ಕೋನದವು.

ಈಗ ಮೇಲಿನ ಪದರ ತೆಗೆದು ಬರೀ ತಿರುಳನ್ನು ನೀರಿನಲ್ಲಿಟ್ಟೆವು ಅನ್ನಿ. ನೀರಿನ ಸೂಚ್ಯಂಕ 1.333. ಹಾಗಾಗಿ 63 ಡಿಗ್ರಿಗಿಂತ ಜಾಸ್ತಿ ಕೋನದಲ್ಲಿ ಬರುವ ಬೆಳಕೆಲ್ಲ ಒಳಗೇ ಉಳಿಯುತ್ತದೆ. ನೂರಕ್ಕೆ ಇಪ್ಪತ್ತು ಭಾಗ ಸಕ್ಕರೆ ಇರುವ ನೀರಿಗೆ ಸೂಚ್ಯಂಕ 1.3639, ಕೋನ ಸುಮಾರು 66. ನಮ್ಮ ಕಿರಣಗಳೆಲ್ಲ 70ರ ಮೇಲಿವೆಯಲ್ಲ. ಅವಕ್ಕೆ ನೀರೂ ಒಂದೇ, ಸಕ್ಕರೆ ನೀರೂ ಒಂದೇ. ಫೈಬರ್ ನೇರವಾಗಿದ್ದರೆ ರೀಡಿಂಗ್ ಅಲುಗುವುದೇ ಇಲ್ಲ. ನೇರ ಫೈಬರ್ ಸರಿಯಾಗಿ ಸ್ಪಂದಿಸಬೇಕಾದರೆ ದ್ರವದ ಸೂಚ್ಯಂಕ 1.402 ದಾಟಬೇಕು, ಅಂದರೆ ಸಕ್ಕರೆ 40 ಬ್ರಿಕ್ಸ್ ದಾಟಬೇಕು. ಕಬ್ಬಿನ ಹಾಲು ಸಾಮಾನ್ಯವಾಗಿ 16ರಿಂದ 22ರ ನಡುವೆ ಇರುತ್ತದೆ.

ಬಗ್ಗಿಸಿದಾಗ ಕಥೆ ಬದಲಾಗುತ್ತದೆ. ಬಾಗಿದ ಕಡೆ ಹೊರಗೋಡೆಗೆ ಕಿರಣ ಹೆಚ್ಚು ನೇರವಾಗಿ ಬಡಿಯುತ್ತದೆ. ಬಾಗಿನ ತ್ರಿಜ್ಯ 5 ಮಿ.ಮೀ. ಅಂತಿಟ್ಟುಕೊಳ್ಳಿ. ಫೈಬರಿನ ನಟ್ಟನಡುವೆ ಬಂದ ಕಿರಣ ಹೊರಗೋಡೆಗೆ ಸುಮಾರು 65.6 ಡಿಗ್ರಿಯಲ್ಲಿ ಬಡಿಯುತ್ತದೆ. ನೀರಿನಲ್ಲಿ ಬೇಕಾದದ್ದು 63.3, ಅದು ಉಳಿಯುತ್ತದೆ. 20 ಬ್ರಿಕ್ಸಿನಲ್ಲಿ ಬೇಕಾದದ್ದು 66.1, ಅದು ಸೋರುತ್ತದೆ. ನಮಗೆ ಬೇಕಾದ ಜಾಗದಲ್ಲೇ ಗೆರೆ ಬಿತ್ತು, ಅಲ್ವಾ? ಉಳಿದ ಕಿರಣಗಳು ಬೇರೆ ಬೇರೆ ಕೋನದಲ್ಲಿ ಇರುವುದರಿಂದ ಬೆಳಕು ಒಮ್ಮೆಲೇ ಕುಸಿಯುವುದಿಲ್ಲ, ಸಕ್ಕರೆ ಏರಿದ ಹಾಗೆ ನಿಧಾನವಾಗಿ ಇಳಿಯುತ್ತದೆ.

ಬಾಗು ಮಾಡುವುದು

9 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಹಿಡಿಯ ಭಾಗ ತೆಗೆದುಕೊಳ್ಳಿ. ಅದರ ಸುತ್ತ 1 ಮಿ.ಮೀ. ಫೈಬರ್ ಸುತ್ತಿದರೆ ಫೈಬರಿನ ನಡುಗೆರೆಗೆ ಸರಿಯಾಗಿ 5 ಮಿ.ಮೀ. ತ್ರಿಜ್ಯ ಸಿಗುತ್ತದೆ.

ತಣ್ಣಗಿರುವಾಗ ಬಗ್ಗಿಸಬೇಡಿ, ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತವೆ. ಬಿಸಿನೀರನ್ನು ಕುದಿಯುವುದಕ್ಕೆ ಮುಂಚೆ, ಸುಮಾರು 80 ಡಿಗ್ರಿಯಲ್ಲಿ ಒಲೆಯಿಂದ ಇಳಿಸಿ. ಫೈಬರಿನ ಮಧ್ಯಭಾಗವನ್ನು ಅದರಲ್ಲಿ ಅದ್ದಿಟ್ಟು, ಮೆತ್ತಗಾದ ಮೇಲೆ ಬಿಟ್ಟಿನ ಸುತ್ತ ಯು ಆಕಾರಕ್ಕೆ ನಿಧಾನವಾಗಿ ಬಗ್ಗಿಸಿ. ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಹೀಟ್ ಗನ್ ಬಳಸಲೇಬೇಡಿ ಅನ್ನುವುದಿಲ್ಲ, ಆದರೆ ಕಾವು ಸ್ವಲ್ಪ ಮೀರಿದರೂ ಫೈಬರ್ ಮುದುಡಿ ದಪ್ಪಗಾಗುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಆಗುವುದಿಲ್ಲ.

ಈಗ ಬಾಗಿನ ಹೊರಮೈಯ ಮೇಲಿನ ಪದರ ತೆಗೆಯಬೇಕು. ಅದು 10 ಮೈಕ್ರಾನ್ ಅಷ್ಟೇ, ಕೂದಲಿಗಿಂತ ತೆಳು. ಬಾಗನ್ನು ಡ್ರಿಲ್ ಬಿಟ್ಟಿನ ಮೇಲೇ ಕೂರಿಸಿಕೊಂಡು 1000 ನಂಬರಿನ ಎಮರಿ ಪೇಪರನ್ನು ನೀರಿನಲ್ಲಿ ಅದ್ದಿ ಹೊರಮೈಗೆ ಮಾತ್ರ ಹಗುರವಾಗಿ ಉಜ್ಜಿ. ಹೊಳಪು ಹೋಗಿ ಮಸುಕಾದರೆ ಪದರ ಹೋಗುತ್ತಿದೆ ಅಂತ ಅರ್ಥ. ಆಗ 2000ಕ್ಕೆ ಬಂದು ನುಣುಪು ಮಾಡಿ. ಒರಟು ಹಾಗೇ ಉಳಿದರೆ ಬೆಳಕು ದ್ರವದಿಂದ ಸೋರುವುದಕ್ಕಿಂತ ಗೀರುಗಳಿಂದಲೇ ಜಾಸ್ತಿ ಚದುರುತ್ತದೆ. ಕೆಲವರು ಅಸಿಟೋನ್ ಸವರಿ ಪದರ ಕರಗಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅಸಿಟೋನ್ ಒಳತಿರುಳನ್ನೂ ತಿನ್ನುತ್ತದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಸಿಗುವುದಿಲ್ಲ.

ತಯಾರಾದ ಬಾಗು ಇನ್ನು ಮುಂದೆ ಒಂದಿಷ್ಟೂ ಅಲುಗಬಾರದು. ಇದು ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಬಾಗಿನ ಎರಡು ಕಾಲುಗಳನ್ನು ಒಂದು ಅಕ್ರಿಲಿಕ್ ಪಟ್ಟಿಗೆ ಅರಾಲ್ಡೈಟಿನಿಂದ ಅಂಟಿಸಿ, ಯು ಭಾಗ ಮಾತ್ರ 1 ಸೆಂ.ಮೀ. ಕೆಳಗೆ ಇಳಿಬಿದ್ದಿರಲಿ. ಫೆವಿಕ್ವಿಕ್ ಬೇಡ, ಅದರ ಹಬೆ ಫೈಬರಿನ ಮೈಗೆ ಬಿಳಿ ಮಂಜು ಕೂರಿಸುತ್ತದೆ. ಫೈಬರಿನ ಉಳಿದ ಉದ್ದವನ್ನೂ ಮೇಜಿಗೆ ಟೇಪ್ ಹಾಕಿ ನಿಲ್ಲಿಸಿ. ಪಕ್ಕದಲ್ಲಿ ಯಾರೋ ಕೈ ತಾಗಿಸಿ ಫೈಬರ್ ಸ್ವಲ್ಪ ಸರಿದರೂ ಎರಡು ಮೂರು ಬ್ರಿಕ್ಸಿನಷ್ಟು ಸುಳ್ಳು ಅಂಕಿ ಬರಬಹುದು.

ಎರಡು ತುದಿಗಳು ಮತ್ತು ಸರ್ಕ್ಯೂಟ್

ಹೊಸ ಬ್ಲೇಡಿನಿಂದ ತುದಿಗಳನ್ನು ನೇರವಾಗಿ ಕತ್ತರಿಸಿ. 600ರಿಂದ ಶುರು ಮಾಡಿ 2000ದವರೆಗೆ, ಒದ್ದೆ ಎಮರಿ ಪೇಪರಿನ ಮೇಲೆ ಇಂಗ್ಲಿಷಿನ 8 ಬರೆದ ಹಾಗೆ ಉಜ್ಜಿ. ಎಲ್‌ಇಡಿಯ ತಲೆಯಲ್ಲಿ 1 ಮಿ.ಮೀ. ತೂತು ಕೊರೆದು ಫೈಬರ್ ಅಂಟಿಸಬಹುದು. ಒಳಗಿನ ಸಣ್ಣ ತಂತಿಗೆ ಡ್ರಿಲ್ ತಾಗದಿರಲಿ. ಅದು ಕಷ್ಟ ಅನ್ನಿಸಿದರೆ ತಲೆಯನ್ನು ಚಪ್ಪಟೆಯಾಗಿ ಅರದಿಂದ ಉಜ್ಜಿ, ಫೈಬರನ್ನು ಅದಕ್ಕೆ ಆನಿಸಿ ಅಂಟಿಸಿ. ಎರಡೂ ತುದಿಗೆ ಕಪ್ಪು ಸ್ಲೀವ್ ಹಾಕಿ. ಸ್ಲೀವ್ ಬಿಸಿ ಮಾಡುವಾಗ ಫೈಬರಿಗೆ ಕಾವು ತಾಗದ ಹಾಗೆ ನೋಡಿಕೊಳ್ಳಿ.

ಎಲ್‌ಇಡಿಗೆ 5 ವೋಲ್ಟ್, 220 ಓಂ ರೆಸಿಸ್ಟರ್. ಕರೆಂಟ್ ಸುಮಾರು 13 ಮಿಲಿಆಂಪಿಯರ್ ಹರಿಯುತ್ತದೆ. ಅದನ್ನು ಆರ್ಡುಯಿನೊದ ಒಂದು ಪಿನ್ನಿಗೆ ಕೊಡಿ, ಆರಿಸಿ ಹೊತ್ತಿಸಲು ಬರುತ್ತದೆ. ಫೋಟೊಡಯೋಡಿನ ಕ್ಯಾಥೋಡ್ 5 ವೋಲ್ಟಿಗೆ, ಆನೋಡ್ 100 ಕಿಲೊ ಓಂ ರೆಸಿಸ್ಟರ್ ಮೂಲಕ ಗ್ರೌಂಡಿಗೆ. ಆ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ಎಡಿಎಸ್ 1115 ಓದುತ್ತದೆ. ರೆಸಿಸ್ಟರಿಗೆ ಅಡ್ಡಲಾಗಿ ಕೆಪಾಸಿಟರ್ ಹಾಕಿ.

ಬಾಗು ಗಾಳಿಯಲ್ಲಿರುವಾಗ ಬೆಳಕು ಎಲ್ಲಕ್ಕಿಂತ ಜಾಸ್ತಿ. ಆಗ ರೀಡಿಂಗ್ 3.5 ವೋಲ್ಟಿನ ಆಸುಪಾಸು ಬರುವ ಹಾಗೆ ರೆಸಿಸ್ಟರ್ ಬದಲಿಸಿಕೊಳ್ಳಿ. 5 ವೋಲ್ಟಿಗೆ ಹತ್ತಿರ ಹೋದರೆ ಅಳತೆ ಅಲ್ಲೇ ಕಟ್ಟಿಹೋಗುತ್ತದೆ.

ಆರ್ಡುಯಿನೊದಲ್ಲೇ ಎಡಿಸಿ ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ. ನೀರಿನಲ್ಲಿ 2 ವೋಲ್ಟ್ ಬಂದು, 20 ಬ್ರಿಕ್ಸಿಗೆ ಹತ್ತನೇ ಒಂದು ಭಾಗ ಇಳಿಯಿತು ಅನ್ನೋಣ. ಅಂದರೆ ಒಂದು ಬ್ರಿಕ್ಸಿಗೆ 10 ಮಿಲಿವೋಲ್ಟ್. ಆರ್ಡುಯಿನೊ ಉನೊದ ಒಂದು ಹೆಜ್ಜೆಯೇ ಸುಮಾರು 5 ಮಿಲಿವೋಲ್ಟ್, ಅರ್ಧ ಬ್ರಿಕ್ಸ್ ಅಲ್ಲೇ ಹೋಯಿತು. ಎಡಿಎಸ್ 1115ರಲ್ಲಿ 4.096 ವೋಲ್ಟ್ ಮಿತಿ ಇಟ್ಟುಕೊಂಡರೆ ಒಂದು ಹೆಜ್ಜೆ 0.125 ಮಿಲಿವೋಲ್ಟ್. ಸಾಕೋ ಸಾಕು.

ಓದುವ ಕ್ರಮ

ಎಲ್‌ಇಡಿ ಹೊತ್ತಿಸಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಬಿಸಿಯಾದ ಹಾಗೆ ಅದರ ಬೆಳಕು ಇಳಿಯುತ್ತದೆ. ಸ್ಥಿರವಾಗುವವರೆಗೆ ಬಂದ ಅಂಕಿಗಳನ್ನು ನಂಬಬೇಡಿ.

ಪ್ರತಿ ಸಲ ಎಲ್‌ಇಡಿ ಒಂದು ಕ್ಷಣ ಆರಿಸಿ ಕತ್ತಲ ರೀಡಿಂಗ್ ತೆಗೆದುಕೊಳ್ಳಿ, ಆಮೇಲೆ ಹೊತ್ತಿಸಿ ಬೆಳಕಿನ ರೀಡಿಂಗ್. ಎರಡರ ವ್ಯತ್ಯಾಸವೇ ನಿಜವಾದ ಸಿಗ್ನಲ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಹಾಗಾಗಿ ಒಂದೇ ಓದಿಗೆ ಬೆಲೆ ಇಲ್ಲ. ಒಂದು ಸೆಕೆಂಡು ಓದಿ ಸರಾಸರಿ ಮಾಡಿ. ಪಾತ್ರೆಯ ಮೇಲೆ ಕಪ್ಪು ಬಟ್ಟೆ ಮುಚ್ಚಿದರೆ ಇನ್ನೂ ಒಳ್ಳೆಯದು.

ಕೊನೆಗೆ ಈ ಸಿಗ್ನಲನ್ನು ಶುದ್ಧ ನೀರಿನ ಸಿಗ್ನಲಿನಿಂದ ಭಾಗಿಸಿ. ಉದಾಹರಣೆಗೆ ಕತ್ತಲಲ್ಲಿ 20, ನೀರಿನಲ್ಲಿ 2000, ದ್ರಾವಣದಲ್ಲಿ 1812 ಮಿಲಿವೋಲ್ಟ್ ಬಂತು ಅನ್ನಿ. 1792ನ್ನು 1980ರಿಂದ ಭಾಗಿಸಿದರೆ 0.905. ಬರೆದಿಡಬೇಕಾದ್ದು ಈ ಅನುಪಾತ, ವೋಲ್ಟೇಜ್ ಅಲ್ಲ. ನಾಳೆ ಎಲ್‌ಇಡಿ ಸ್ವಲ್ಪ ಮಂಕಾದರೂ ಅನುಪಾತ ಹೆಚ್ಚು ಬದಲಾಗುವುದಿಲ್ಲ.

ಕ್ಯಾಲಿಬ್ರೇಶನ್

ಒಂದು ಬ್ರಿಕ್ಸ್ ಅಂದರೆ 100 ಗ್ರಾಂ ದ್ರಾವಣದಲ್ಲಿ 1 ಗ್ರಾಂ ಸಕ್ಕರೆ. ದ್ರಾವಣದಲ್ಲಿ, ನೀರಿನಲ್ಲಲ್ಲ. ಹಾಗಾಗಿ 10 ಬ್ರಿಕ್ಸ್ ಬೇಕಾದರೆ 10 ಗ್ರಾಂ ಸಕ್ಕರೆ, 90 ಗ್ರಾಂ ನೀರು. ನೀರನ್ನೂ ತೂಗಿ, ಮಿಲಿಲೀಟರ್ ಅಂತ ಅಂದಾಜು ಮಾಡಬೇಡಿ. ಮನೆಯ ಬಿಳಿ ಸಕ್ಕರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್, ಅದೇ ಸಾಕು. ನೀರು ಮಾತ್ರ ಡಿಸ್ಟಿಲ್ಡ್ ಆಗಿರಲಿ. ಬ್ಯಾಟರಿಗೆ ಹಾಕಲು ಮಾರುತ್ತಾರಲ್ಲ, ಅದು ಆಗುತ್ತದೆ.

0, 5, 10, 15, 20, 25 ಬ್ರಿಕ್ಸಿನ ಆರು ಬಾಟಲಿ ಮಾಡಿ. ಎಲ್ಲವನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಡಿ, ತಾಪಮಾನ ಒಂದೇ ಆಗುತ್ತದೆ. 20 ಡಿಗ್ರಿಯಲ್ಲಿ ಇವುಗಳ ಸೂಚ್ಯಂಕ ಗೊತ್ತಿರುವಂಥದ್ದೇ: ನೀರಿಗೆ 1.3330, ಹತ್ತಕ್ಕೆ 1.3479, ಇಪ್ಪತ್ತಕ್ಕೆ 1.3639. ಅಂದರೆ ಒಂದು ಬ್ರಿಕ್ಸಿಗೆ ಬರೀ 0.0015. ನಾವು ಹಿಡಿಯಲು ಹೊರಟಿರುವುದು ಎಷ್ಟು ಸಣ್ಣದು ಅಂತ ಇದರಿಂದ ಗೊತ್ತಾಗುತ್ತದೆ.

ನೀರಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಪ್ರತಿ ದ್ರಾವಣದ ನಂತರ ಬಾಗನ್ನು ನೀರಿನಲ್ಲಿ ಅದ್ದಿ, ನೀರಿನ ಅಂಕಿ ಮೊದಲಿನದಕ್ಕೇ ವಾಪಸ್ ಬರುತ್ತದಾ ನೋಡಿ. ಬರದಿದ್ದರೆ ಸಕ್ಕರೆ ಅಂಟಿದೆ, ಇಲ್ಲವೇ ಏನೋ ಅಲುಗಿದೆ. ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. 25 ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಕೆಳಕ್ಕೂ ಬನ್ನಿ. ಏರುವಾಗಿನ ಮತ್ತು ಇಳಿಯುವಾಗಿನ ಅಂಕಿಗಳ ನಡುವೆ ಎಷ್ಟು ವ್ಯತ್ಯಾಸ ಇದೆಯೋ ಅದೇ ನಿಮ್ಮ ಸೆನ್ಸರಿನ ನಿಜವಾದ ನಿಖರತೆ. ಎಡಿಸಿ ಎಷ್ಟು ದಶಮಾಂಶ ತೋರಿಸುತ್ತದೆ ಅನ್ನುವುದಲ್ಲ.

ಅನುಪಾತವನ್ನು ಬ್ರಿಕ್ಸಿನ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರುವುದಿಲ್ಲ, ಸ್ವಲ್ಪ ಬಾಗಿರುತ್ತದೆ. ಎಕ್ಸೆಲ್ಲಿನಲ್ಲಿ ಎರಡನೇ ಘಾತದ ಸಮೀಕರಣ ಕೂರಿಸಿ. 25ರ ಆಚೆಗೆ ಅದೇ ಗೆರೆಯನ್ನು ಎಳೆದುಕೊಂಡು ಹೋಗಬೇಡಿ, ಅಲ್ಲಿ ಏನಾಗುತ್ತದೆ ಅಂತ ನೀವು ಅಳೆದಿಲ್ಲ. ಆಮೇಲೆ ಗೆಳೆಯರೊಬ್ಬರಿಗೆ ಹೇಳಿ, ನಿಮಗೆ ಗೊತ್ತಾಗದ ಹಾಗೆ ಯಾವುದಾದರೂ ಒಂದು ದ್ರಾವಣ ಮಾಡಿಸಿ. 17 ಗ್ರಾಂ ಸಕ್ಕರೆ ಹಾಕಿದ್ದಕ್ಕೆ ಸೆನ್ಸರ್ 17ರ ಹತ್ತಿರ ತೋರಿಸಿದರೆ ಗೆದ್ದ ಹಾಗೆ.

ತಾಪಮಾನವನ್ನು ಮರೆಯಬೇಡಿ. ದ್ರಾವಣ ಒಂದು ಡಿಗ್ರಿ ಬಿಸಿಯಾದರೆ ಸೂಚ್ಯಂಕ ಸುಮಾರು 0.0001 ಇಳಿಯುತ್ತದೆ. ಹತ್ತು ಡಿಗ್ರಿಗೆ ಅದು ಮುಕ್ಕಾಲು ಬ್ರಿಕ್ಸಿನ ಹತ್ತಿರ ಹೋಗುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಮಧ್ಯಾಹ್ನ 32 ಡಿಗ್ರಿಯಲ್ಲಿ ಅಳೆದರೆ ಕಬ್ಬು ಸಪ್ಪೆ ಅಂತ ಸೆನ್ಸರ್ ದೂರು ಹೇಳುತ್ತದೆ. ತಾಪಮಾನದ ಸೆನ್ಸರನ್ನು ಬಾಗಿನ ಪಕ್ಕದಲ್ಲೇ ಇಳಿಸಿ, ಎರಡು ಮೂರು ತಾಪಮಾನದಲ್ಲಿ ಕ್ಯಾಲಿಬ್ರೇಶನ್ ಮಾಡಿ, ಪ್ರತಿ ರೀಡಿಂಗಿನ ಜೊತೆ ಅದನ್ನೂ ಬರೆದಿಡಿ.

ನಿಜವಾದ ಕಬ್ಬಿನ ಹಾಲಿನಲ್ಲಿ

ಗಾಣದಿಂದ ಬಂದ ಹಾಲಿನಲ್ಲಿ ನೊರೆ ಇರುತ್ತದೆ, ನಾರಿನ ಚೂರು ಇರುತ್ತವೆ. ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯುವವರೆಗೆ ಬಿಡಿ. ಬಾಗಿನ ಹೊರಮೈಗೆ ಒಂದು ಗಾಳಿಗುಳ್ಳೆ ಅಂಟಿದರೂ ಆ ಜಾಗದಲ್ಲಿ ಬೆಳಕು ಸೋರುವುದಿಲ್ಲ, ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ. ಬಾಗನ್ನು ಓರೆಯಾಗಿ ಇಳಿಸಿ ಒಮ್ಮೆ ಪಾತ್ರೆಯ ಗೋಡೆಗೆ ಮೆಲ್ಲಗೆ ತಟ್ಟಿದರೆ ಗುಳ್ಳೆ ಬಿಡುತ್ತದೆ.

ಹಾಲು ಕಂದುಹಸಿರಾಗಿ ಕದಡಿರುತ್ತದಲ್ಲ, ಬಣ್ಣದಿಂದ ತಪ್ಪಾಗದಾ? ದ್ರವದ ಮೂಲಕ ಬೆಳಕು ಹಾಯಿಸಿ ಅಳೆಯುವ ವಿಧಾನದಲ್ಲಿ ಖಂಡಿತ ಆಗುತ್ತದೆ. ಇಲ್ಲಿ ಬೆಳಕು ಫೈಬರಿನ ಒಳಗೇ ಇದೆ, ದ್ರವದ ಒಳಕ್ಕೆ ಅದು ಚಾಚುವುದು ತನ್ನ ತರಂಗದೂರದ ಆಸುಪಾಸಿನಷ್ಟೇ. ಬಣ್ಣದ ಪ್ರಭಾವ ಅಲ್ಪ. ತೊಂದರೆ ಬರುವುದು ಮೈಗೆ ಅಂಟುವ ಜಿಡ್ಡಿನಿಂದ. ಪ್ರತಿ ಸಲ ನೀರಿನಲ್ಲಿ ತೊಳೆಯಿರಿ, ಜಿಡ್ಡು ಹಿಡಿದರೆ ಪಾತ್ರೆ ತೊಳೆಯುವ ಸೋಪಿನ ನೀರು. ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಬೇಡ. ಬಾಗಿದ ಅಕ್ರಿಲಿಕ್ ಅವುಗಳಿಂದ ಬಿರುಕು ಬಿಡುತ್ತದೆ.

ಸೆನ್ಸರ್ ತೋರಿಸುವುದು ಕರಗಿರುವ ಎಲ್ಲದರ ಒಟ್ಟು ಪರಿಣಾಮ. ಕಬ್ಬಿನ ಹಾಲಿನಲ್ಲಿ ಗ್ಲೂಕೋಸ್ ಇದೆ, ಲವಣಗಳಿವೆ, ಅವೂ ಸೇರುತ್ತವೆ. ಬ್ರಿಕ್ಸ್ ಮೀಟರಿಗೂ ಇದೇ ಮಿತಿ ಇದೆ. ಯಾರಾದರೂ ಉಪ್ಪು ಹಾಕಿದರೆ ಎರಡೂ ಸಾಧನಗಳು ಅದನ್ನು ಸಿಹಿ ಅಂತಲೇ ಓದುತ್ತವೆ.

ಇನ್ನು ಕುದಿಯುವ ಕೊಪ್ಪರಿಗೆಗೆ ಇದನ್ನು ಇಳಿಸುವ ಯೋಚನೆ ಬಿಡಿ. ಈ ಪ್ಲಾಸ್ಟಿಕ್ ಫೈಬರ್ 70–80 ಡಿಗ್ರಿಯವರೆಗೆ ತಡೆದರೆ ಹೆಚ್ಚು. ಬೆಲ್ಲದ ಪಾಕ ನೂರು ಡಿಗ್ರಿ ದಾಟುತ್ತದೆ.

ಬೇರೆ ದ್ರವ, ಬೇರೆ ಗುಣ

ಎಣ್ಣೆಗಳಿಗೆ ಕೆಲಸ ಇನ್ನೂ ಸುಲಭ. ಕೊಬ್ಬರಿ ಎಣ್ಣೆಯ ಸೂಚ್ಯಂಕ 40 ಡಿಗ್ರಿಯಲ್ಲಿ ಸುಮಾರು 1.449, ಅಂದರೆ ಮೇಲಿನ ಪದರದ 1.402ಕ್ಕಿಂತ ಜಾಸ್ತಿ. ಹಾಗಾಗಿ ಬಾಗೇ ಬೇಡ, ಪದರ ತೆಗೆದ ನೇರ ತುಂಡು ಸಾಕು. ಜೇನುತುಪ್ಪಕ್ಕೆ ಮಾತ್ರ ಈ ಫೈಬರ್ ಆಗುವುದಿಲ್ಲ. ಅದರ ಸೂಚ್ಯಂಕವೇ 1.49ರ ಆಸುಪಾಸು, ಒಳತಿರುಳಿಗೆ ಸಮ. ಬೆಳಕಿಗೆ ಗೋಡೆಯೇ ಇಲ್ಲದ ಹಾಗಾಗಿ ಎಲ್ಲ ಸೋರಿಹೋಗುತ್ತದೆ.

ದ್ರವದ ಮಟ್ಟ ತಿಳಿಯಬೇಕಾದರೆ ಬೇರೆ ಉಪಾಯ. ಎರಡು ಫೈಬರುಗಳ ತುದಿಗೆ 45 ಡಿಗ್ರಿ ಇಳಿಜಾರಿನ ಸಣ್ಣ ಗಾಜಿನ ಪ್ರಿಸಂ ಅಂಟಿಸುತ್ತಾರೆ. ಗಾಜಿನಿಂದ ಗಾಳಿಗೆ 42 ಡಿಗ್ರಿ ದಾಟಿದರೆ ಬೆಳಕು ವಾಪಸ್, ಹಾಗಾಗಿ ಒಣಗಿದ್ದಾಗ ಬೆಳಕು ಎರಡನೇ ಫೈಬರಿಗೆ ತಿರುಗಿ ಬರುತ್ತದೆ. ನೀರು ಮುಟ್ಟಿದ ಕೂಡಲೇ 60 ಡಿಗ್ರಿಗಿಂತ ಜಾಸ್ತಿ ಬೇಕಾಗುತ್ತದೆ, ಬೆಳಕು ಹೊರಗೆ ಹೋಗುತ್ತದೆ. ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ, ಕ್ಯಾಲಿಬ್ರೇಶನ್ನಿನ ಗೋಜೇ ಇಲ್ಲ. ಮೊದಲ ಸಲ ಫೈಬರಿಗೆ ಕೈ ಹಾಕುವವರು ಇದರಿಂದ ಶುರು ಮಾಡಿದರೂ ಆಗುತ್ತದೆ.

ಬಿಸಿ ದ್ರವದ ತಾಪಮಾನ, ಒತ್ತಡ ಅಳೆಯಲು ಗಾಜಿನ ಫೈಬರಿನಲ್ಲಿ ಬ್ರ್ಯಾಗ್ ಗ್ರೇಟಿಂಗ್ ಎಂಬ ತಂತ್ರ ಇದೆ. ಫೈಬರಿನ ಒಳಗೆ ಮೂಡಿಸಿದ ಸಣ್ಣ ಪಟ್ಟೆಗಳು ಒಂದು ತರಂಗದೂರದ ಬೆಳಕನ್ನು ಮಾತ್ರ ವಾಪಸ್ ಕಳಿಸುತ್ತವೆ. ಕೆನಡಾದಲ್ಲಿ 1978ರಲ್ಲಿ ಕೆನ್ ಹಿಲ್ ತಂಡ ಇದನ್ನು ಕಂಡುಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ. ಒಂದು ಡಿಗ್ರಿಗೆ ಹಾಗೆ ವಾಪಸ್ ಬರುವ ಬೆಳಕಿನ ತರಂಗದೂರ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಅದನ್ನು ಓದುವ ಯಂತ್ರ ಆರ್ಡುಯಿನೊದ ಹಾಗೆ ಅಗ್ಗವಲ್ಲ. ಹಾಗಾಗಿ ಅದನ್ನು ಮಾಡಬೇಕು ಅನ್ನಿಸಿದರೆ ಯಂತ್ರ ಇರುವ ಲ್ಯಾಬ್ ಹುಡುಕಿಕೊಂಡ ಮೇಲೆ ಫೈಬರ್ ಕೊಳ್ಳಿ.